ಆಮೆ ಸುಮ್ಮನಿದೆ ಅಂದ್ರೆ ಆರಾಮ್ ಇದೆ ಅಂತಲ್ಲ

ಭಾಗ 1/10

ಹೋದ ವಾರ ರಾತ್ರಿ ಒಂದು ಡಿಎಂ ಬಂತು. ವಾಡಿಯ ಹುಡುಗ, ನಮ್ಮದೇ ವಯಸ್ಸು. ಮೂರು ಫೋಟೋ, ಒಂದು ಸಣ್ಣ ವಿಡಿಯೋ. ಪ್ಲಾಸ್ಟಿಕ್ ಟಬ್‌ನಲ್ಲಿ ಒಂದು ಆಮೆ, ಅದರ ಮುಂದೆ ಒಣಗಿ ಸುಕ್ಕಾದ ಟೊಮೆಟೊ ಹೋಳು. ಕೆಳಗೆ ಬರೆದಿದ್ದ:

"ನಾಕ್ ದಿನ ಆಯ್ತು, ಏನೂ ತಿನ್ನವಲ್ದು. ಮಲಕೊಂಡೇ ಇರ್ತದ. ಬ್ಯಾಸಗ್ಯಾಗ ಹಿಂಗೇ ಮಾಡ್ತದೇನು? ಯಾರಿಗೂ ಹೇಳಬ್ಯಾಡ."

ನಾನು ಕಪ್ಪೆ, ಹಾವು, ಹಕ್ಕಿ ಫೋಟೋ ಹಾಕ್ತೀನಿ ಅಂತ ನನ್ನನ್ನ ಕೇಳಿದ್ದ. ನಾನು ಡಾಕ್ಟರ್ ಅಲ್ಲ, ಬಿಎಸ್ಸಿ ಓದೋ ವಿದ್ಯಾರ್ಥಿ. ಆದರೂ ವಿಡಿಯೋ ನೋಡಿದ ಕೂಡಲೇ ಗೊತ್ತಾಯ್ತು. ಕಣ್ಣು ಒಳಗೆ ಇಳಿದಿದ್ದವು. ಕತ್ತಿನ ಚರ್ಮ ಸಡಿಲಾಗಿ ಒಣಗಿತ್ತು. ಅದು ನಿದ್ದೆ ಮಾಡ್ತಿರಲಿಲ್ಲ, ನೀರಿಲ್ಲದೆ ಸೋತು ಬಿದ್ದಿತ್ತು.

ಅವನಿಗೆ ಆಗಲೇ ಏನು ಮಾಡಬೇಕು ಅಂತ ಬರೆದೆ. ಆದರೆ ಈ ಸರಣಿ ಅವನೊಬ್ಬನಿಗಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ನನ್ನ ಪೇಜ್ ನೋಡೋರಲ್ಲಿ ಇನ್ನೂ ಯಾರದೋ ಮನೆಯ ಮಾಳಿಗೆ ಮೇಲೆ, ಹಿತ್ತಲಲ್ಲಿ, ಬಚ್ಚಲ ಮೂಲೆಯಲ್ಲಿ ಇಂಥದ್ದೇ ಟಬ್ ಇರಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಬಿಸಿಲು ಆಮೆಗೆ ಕೆಟ್ಟದ್ದು ಹೌದು. ಆದರೆ ಅದನ್ನ ಸಾಯಿಸೋದು "ಯಾರಿಗೂ ಹೇಳಬ್ಯಾಡ" ಅನ್ನೋ ಮಾತು. ಬಚ್ಚಿಟ್ಟ ಜೀವಕ್ಕೆ ಕಾಯಿಲೆ ಬಂದರೆ ಡಾಕ್ಟರ್ ಹತ್ತಿರ ಒಯ್ಯೋರು ಯಾರೂ ಇರೋದಿಲ್ಲ. ಇದು ನನಗೆ ಹೇಗೆ ಗೊತ್ತು ಅಂದ್ರೆ, ನಮ್ಮ ಮನೆಯಲ್ಲೇ ಆಗಿದೆ.

ಭಾಗ 2/10

ಈ ಫೋಟೋದಲ್ಲಿ ಇರೋದು ನಮ್ಮ ಮನೆ ಮಾಳಿಗೆ. ಶಾಬಾದಿ ಕಲ್ಲಿನ ಹಾಸು. ಮೂಲೆಯಲ್ಲಿ ಕಾಣೋ ಬಿಳಿ ಕಲೆ ಇದ್ದ ಜಾಗದಲ್ಲಿ ಒಂದು ಟಬ್ ಇತ್ತು.

ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ಮಾಮಾ ಬಟ್ಟೆ ಚೀಲದಲ್ಲಿ ಒಂದು ನಕ್ಷತ್ರ ಆಮೆ ತಂದ. ಅಂಗೈಯಷ್ಟು ದೊಡ್ಡದು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು, ನಡುವಿನಿಂದ ಸುತ್ತ ಹೊರಟ ಕಿರಣದ ಹಾಗೆ. "ಮನ್ಯಾಗ ಇದ್ರ ಲಕ್ಷ್ಮಿ ನಿಲ್ತಾಳ" ಅಂದ. ಆಯಿ ಅದರ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿದಳು. ನಾವೆಲ್ಲ ಅಂಗೈ ಮೇಲೆ ಇಟ್ಕೊಂಡು ಸೆಲ್ಫಿ ತಗೊಂಡ್ವಿ.

ಮೊದಲು ಮೆಂತ್ಯ ಪಲ್ಲೆ ತಿಂತಿತ್ತು. ಏಪ್ರಿಲ್ ಬಂತು, ತಿನ್ನೋದು ಬಿಡ್ತು. ಮಾಮಾ ಅಂದ, "ಅದು ಬ್ಯಾಸಗ್ಯಾಗ ಮಲಕೊಳ್ತದ, ಎಬ್ಬಸಬ್ಯಾಡ್ರಿ." ಟಬ್‌ನಲ್ಲಿ ಬಿಳಿ ಕಲ್ಲುಪುಡಿಯಂಥದ್ದು ಬೀಳ್ತಿತ್ತು. ಗೋಡೆ ಸುಣ್ಣ ಉದುರಿರಬೇಕು ಅಂತ ಅವ್ವ ಗುಡಿಸಿ ಹಾಕ್ತಿದ್ದಳು. ಒಂದಿನ ಎತ್ತಿ ನೋಡಿದೆ. ಖಾಲಿ ತಂಬಿಗಿ ಎತ್ತಿದಂಗಾಯ್ತು, ಅಷ್ಟು ಹಗುರ.

ದವಾಖಾನೆಗೆ ಒಯ್ಯೋಣ ಅಂದೆ. ಅಪ್ಪ ಒಂದೇ ಮಾತು ಹೇಳಿದರು: "ಹೊರಗ ಒಯ್ದ್ರ ಕೇಸ್ ಆಗ್ತದ. ಯಾರಿಗೂ ಹೇಳಬ್ಯಾಡ."

ನಾನೂ ಸುಮ್ಮನಾದೆ. ಫೋನ್ ಕೈಯಲ್ಲಿತ್ತು, ಹುಡುಕಬಹುದಿತ್ತು. ಹುಡುಕಲಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಅದರ ಕಣ್ಣಿನ ಹತ್ತಿರ ಇರುವೆ ಇದ್ದವು. ಮಾಮಾ ಹೊಲದ ಬದುವಿನಲ್ಲಿ ಹುಗಿದು ಬಂದ. ಆ ಸೆಲ್ಫಿ ಇನ್ನೂ ನನ್ನ ಗ್ಯಾಲರಿಯಲ್ಲಿದೆ, ಇಲ್ಲಿವರೆಗೆ ಎಲ್ಲೂ ಹಾಕಿಲ್ಲ.

ಭಾಗ 3/10

ಮೊದಲು ನಿಮ್ಮ ಮನೆಯಲ್ಲಿರೋದು ಯಾವ ಆಮೆ ಅಂತ ನೋಡ್ಕೊಳ್ರಿ. ನಮ್ಮ ಕಡೆ ಮನೆಗಳಲ್ಲಿ ಸಾಮಾನ್ಯವಾಗಿ ಸಿಗೋದು ಮೂರು ಥರ.

ಒಂದು, ನಕ್ಷತ್ರ ಆಮೆ. ನೆಲದ ಮೇಲೆ ಬದುಕೋದು. ಗುಮ್ಮಟದಂಥ ಚಿಪ್ಪು, ಹಳದಿ ನಕ್ಷತ್ರ ಗುರುತು, ಆನೆ ಕಾಲಿನಂಥ ದಪ್ಪ ಕಾಲು. ಹುಲ್ಲು, ಎಲೆ, ಹೂವು ತಿನ್ನೋ ಪ್ರಾಣಿ. ಈಜೋಕೆ ಬರಲ್ಲ, ಬಾವಿಗೋ ಹೌದಿಗೋ ಹಾಕಿದರೆ ಮುಳುಗಿ ಸಾಯ್ತದೆ. ಕರ್ನಾಟಕದಲ್ಲಿ ಕೋಲಾರ ಮತ್ತು ಆಂಧ್ರ ಗಡಿ ಕಡೆಯ ಕುರುಚಲು ಕಾಡು ಇದರ ಹೆಸರಾದ ನೆಲೆ.

ಎರಡು, ನಮ್ಮ ಕೆರೆ, ಹಳ್ಳ, ಹೊಳೆಯ ಆಮೆ. ಚಪ್ಪಟೆ, ನುಣುಪು ಮೈ, ಉದ್ದ ಕತ್ತು, ಮೂತಿ ಸಣ್ಣ ಕೊಳವೆ ಥರ. ಹೊಟ್ಟೆ ಕಡೆ ಹಿಂಗಾಲು ಮುಚ್ಚಿಕೊಳ್ಳೋ ಮಡಿಕೆ ಇರ್ತದೆ. ಮೊದಲ ಮಳೆ ಬಿದ್ದಾಗ ರಸ್ತೆ ದಾಟೋದು, ಹೊಲದ ಕೆಸರಲ್ಲಿ ಸಿಗೋದು ಇದೇ. ಬಾವಿ ನೀರು ಸ್ವಚ್ಛ ಇರ್ತದೆ ಅಂತ ಬಾವಿಗೆ ಬಿಡೋದೂ ಇದನ್ನೇ.

ಮೂರು, ಅಕ್ವೇರಿಯಂ ಅಂಗಡಿಯ ಹಸಿರು ಮರಿ. ಕಿವಿ ಹತ್ತಿರ ಕೆಂಪು ಪಟ್ಟಿ. ರೆಡ್ ಇಯರ್ಡ್ ಸ್ಲೈಡರ್ ಅಂತಾರೆ. ಇದು ಅಮೆರಿಕದ ಪ್ರಾಣಿ. ತರುವಾಗ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಬೆಳೆದರೆ ಊಟದ ತಾಟಿನಷ್ಟಾಗ್ತದೆ.

ಈ ಮೂರನ್ನೂ "ಆಮೆ" ಅಂತ ಒಂದೇ ಹೆಸರಲ್ಲಿ ಕರೆದು ಒಂದೇ ರೀತಿ ಇಡ್ತೀವಿ. ನೆಲದ ಆಮೆಯನ್ನ ನೀರಿನ ಟಬ್‌ಗೆ ಹಾಕ್ತೀವಿ, ನೀರಿನ ಆಮೆಯನ್ನ ಒಣ ಡಬ್ಬಿಯಲ್ಲಿ ಇಡ್ತೀವಿ. ಕಾಯಿಲೆ ಅಲ್ಲಿಂದಲೇ ಶುರು.

ಭಾಗ 4/10

"ಆಮಿಗೆ ನೀರ್ ಬೇಕಿಲ್ಲ, ವರ್ಷಗಟ್ಟಲೆ ಹಂಗೇ ಇರ್ತದ." ಈ ಮಾತು ಕೇಳಿದೀರಲ್ಲ? ಅರ್ಧ ಖರೇ, ಅದಕ್ಕೇ ಅಪಾಯ.

ನೆಲದ ಆಮೆ ತನ್ನ ಮೂತ್ರಚೀಲದಲ್ಲಿ ನೀರು ಉಳಿಸಿಕೊಳ್ತದೆ. ಬೇಕಾದಾಗ ಅಲ್ಲಿಂದಲೇ ಮೈಗೆ ವಾಪಸ್ ತಗೊಳ್ತದೆ. ದೇಹದ ಕಸವನ್ನ ನಮ್ಮಂಗೆ ಬರೀ ನೀರಾಗಿ ಹೊರಗೆ ಹಾಕಲ್ಲ. ಬಿಳಿ ಗಂಜಿಯಂಥ ಯೂರೇಟ್ ಆಗಿ ಹಾಕ್ತದೆ, ನೀರು ಉಳೀಲಿ ಅಂತ. ಹೀಗಾಗಿ ತುಂಬಾ ದಿನ ತಡಕೊಳ್ತದೆ. ನಾವು ನೋಡೋದು ಆ ತಡಕೊಳ್ಳೋದನ್ನ ಮಾತ್ರ. ಒಳಗಿನ ಟಾಕಿ ಖಾಲಿ ಆಗ್ತಾ ಇರೋದು ಹೊರಗೆ ಕಾಣೋದಿಲ್ಲ.

ಚೀಲ ಒಣಗಿದಾಗ ಆ ಗಂಜಿ ಗಟ್ಟಿಯಾಗ್ತದೆ. ಮರಳಾಗ್ತದೆ, ಕೆಲವು ಸಲ ಕಲ್ಲೇ ಆಗ್ತದೆ. ಕಿಡ್ನಿಗೆ ಪೆಟ್ಟು ಬೀಳ್ತದೆ. ನಮ್ಮ ಟಬ್‌ನಲ್ಲಿ ಬೀಳ್ತಿದ್ದ "ಸುಣ್ಣ" ಅದೇ. ವಾಡಿ, ಸೇಡಂ ಕಡೆಯವರಿಗೆ ಹೇಳೋದು ಸುಲಭ: ಆರೋಗ್ಯ ಚೆನ್ನಾಗಿದ್ದರೆ ಅದು ತೆಳ್ಳಗೆ ಕಲಸಿದ ಬಿಳಿ ಸಿಮೆಂಟಿನಂಗೆ ಇರಬೇಕು. ಬೆರಳಿಗೆ ಮರಳು ಮರಳು ಹತ್ತಿದರೆ ಒಳಗೆ ನೀರಿಲ್ಲ.

ಇನ್ನೊಂದು ಮಾತು ಸೆಲ್ಫಿ ತಗೊಳ್ಳೋರಿಗೆ. ಹೆದರಿದ ನೆಲದ ಆಮೆ ಎಷ್ಟೋ ಸಲ ಎತ್ತಿದ ಕೂಡಲೇ ಮೂತ್ರ ಬಿಡ್ತದೆ. ನಾವು ನಕ್ಕು ಕೈ ಒರೆಸ್ಕೊಳ್ತೀವಿ. ಅದು ತನ್ನ ಬೇಸಿಗೆಯ ನೀರನ್ನೇ ಕಳ್ಕೊಂಡಿರ್ತದೆ.

ಕಾಡಿನಲ್ಲೂ ನಕ್ಷತ್ರ ಆಮೆ ಬೇಸಿಗೆಯಲ್ಲಿ ಮಂದ ಆಗ್ತದೆ, ಪೊದೆ ಕೆಳಗೆ ನೆರಳು ಹುಡುಕಿ ಕೂರ್ತದೆ. ಆದರೆ ಅಲ್ಲಿ ಜಾಗ ಅದೇ ಆರಿಸಿಕೊಂಡಿರ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟೋದು ಹೊಸದೇನಲ್ಲ. ಮಾಳಿಗೆ ಕಲ್ಲು ಅದಕ್ಕಿಂತ ಬಿಸಿ. ಟಬ್‌ನಿಂದ ಅದು ಎಲ್ಲಿಗೆ ಹೋಗ್ಬೇಕು?

ಭಾಗ 5/10

ಈ ಪೋಸ್ಟ್ ಸೇವ್ ಮಾಡ್ಕೊಳ್ರಿ. ಮನೆಯಲ್ಲಿ ಆಮೆ ಇದ್ದರೆ ಇವತ್ತೇ ಬೆಳಕಿಗೆ ತಂದು ನೋಡ್ರಿ.

ಕಣ್ಣು: ತುಂಬಿಕೊಂಡು ಹೊಳೀತಾ ಇರಬೇಕು. ಒಳಗೆ ಇಳಿದಿದ್ದರೆ ನೀರು ಕಮ್ಮಿಯಾಗಿದೆ.

ಬಾಯಿ: ಒಳಗೆ ಒದ್ದೆ ಇರಬೇಕು. ಉಗುಳು ಗೋಂದಿನಂಗೆ ದಾರ ಎಳೆದರೆ ಕೆಟ್ಟ ಸೂಚನೆ. ನೋಡಬೇಕು ಅಂತ ಬಾಯಿ ಬಲವಂತವಾಗಿ ತೆರೀಬೇಡ್ರಿ, ಆಕಳಿಸಿದಾಗ ನೋಡಿದರೆ ಸಾಕು.

ಚರ್ಮ: ಕತ್ತು, ಕಾಲಿನ ಬುಡದಲ್ಲಿ ಒಣಗಿ ಜೋತು ಬಿದ್ದಿದೆಯಾ?

ತೂಕ: ಅದೇ ಗಾತ್ರಕ್ಕೆ ಭಾರ ಅನ್ನಿಸಬೇಕು. ಅಡಿಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಕೆಳಗೆ ಪೇಪರ್ ಹಾಕಿ ತೂಗಿ, ತಾರೀಖು ಹಾಕಿ ಬರೆದಿಡ್ರಿ. ಕೆಲವೇ ದಿನದಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದರೆ ತಡ ಮಾಡಬಾರದು.

ಬಿಳಿ ಯೂರೇಟ್: ಮರಳು ಮರಳಾ? ಅಥವಾ ದಿನಗಟ್ಟಲೆ ಬಂದೇ ಇಲ್ವಾ?

ಕಾಲು: ಮುಟ್ಟಿದಾಗ ಗಟ್ಟಿಯಾಗಿ ಒಳಗೆ ಎಳ್ಕೊಳ್ತದಾ? ಜೋಲು ಬಿದ್ದಿದ್ದರೆ, ಕತ್ತು ಎತ್ತೋಕೆ ಆಗ್ತಿಲ್ಲ ಅಂದ್ರೆ ಅದು ತುರ್ತು.

ಇದರಲ್ಲಿ ಒಂದೇ ಕಂಡರೆ ಗಾಬರಿ ಬೇಡ. ಎರಡು ಮೂರು ಒಟ್ಟಿಗೆ ಕಂಡರೆ "ನಾಳೆ ನೋಡಮ್" ಅನ್ನಬೇಡ್ರಿ. ನಾಯಿ ನೀರಿಲ್ಲದಿದ್ದರೆ ನಾಲಿಗೆ ಚಾಚಿ ತೇಕ್ತದೆ. ಎಮ್ಮೆ ಒದರ್ತದೆ. ಆಮೆಗೆ ಹೇಳೋಕೆ ದನಿ ಇಲ್ಲ, ಮುಖದ ಮೇಲೆ ನೋವೂ ಕಾಣಲ್ಲ. ಮನುಷ್ಯರ ಕಣ್ಣಿಗೆ ಅದು "ಶಾಂತವಾಗಿದೆ" ಅಂತಲೇ ಕಾಣೋದು, ಸಾಯೋ ಹಿಂದಿನ ದಿನವೂ.

ಭಾಗ 6/10

ನೆಲದ ಆಮೆಗೆ ನೀರು ಕಮ್ಮಿಯಾಗಿದೆ ಅಂತ ಗೊತ್ತಾದರೆ ಮಾಡಬೇಕಾದ ಪ್ರಥಮ ಚಿಕಿತ್ಸೆ ಇದು. ಇದರಿಂದ ಕಾಯಿಲೆ ವಾಸಿಯಾಗಲ್ಲ, ಸಮಯ ಸಿಗ್ತದೆ ಅಷ್ಟೇ.

ಬಿಸಿಲಿನಿಂದ ತೆಗೆದು ನೆರಳಿಗೆ ತನ್ನಿ. ಕೂಲರ್ ಗಾಳಿ ನೇರವಾಗಿ ಹೊಡೆಯೋ ಜಾಗ ಬೇಡ.

ಅಗಲ ಟಬ್ ಒಂದರಲ್ಲಿ ಉಗುರು ಬೆಚ್ಚಗಿನ ನೀರು ಹಾಕ್ರಿ. ಸಣ್ಣ ಕೂಸಿಗೆ ಎರೆಯೋ ಮುಂಚೆ ಮೊಣಕೈ ಅದ್ದಿ ನೋಡ್ತಾರಲ್ಲ, ಹಾಗೆ ನೋಡ್ರಿ. 28ರಿಂದ 32 ಡಿಗ್ರಿ ಸಾಕು. ಆಮೆ ಕತ್ತು ಚಾಚಿ ನಿಂತಾಗ ನೀರು ಗದ್ದದ ಕೆಳಗೇ ಇರಬೇಕು, ಮೂಗು ಮುಳುಗಬಾರದು.

ಅದರಲ್ಲಿ 20ರಿಂದ 30 ನಿಮಿಷ ಬಿಡ್ರಿ. ಎಷ್ಟೋ ಸಲ ಮೊದಲ ಐದು ನಿಮಿಷದಲ್ಲೇ ತಲೆ ಬಗ್ಗಿಸಿ ಕುಡಿಯೋಕೆ ಶುರು ಮಾಡ್ತದೆ. ಮಲ, ಮೂತ್ರ ಅಲ್ಲೇ ಮಾಡಿದರೆ ನೀರು ಬದಲಿಸ್ರಿ. ನೀರು ಆರಿದರೆ ಸ್ವಲ್ಪ ಬೆಚ್ಚಗಿನದು ಸೇರಿಸ್ರಿ.

ಪಕ್ಕದಿಂದ ಏಳಬೇಡ್ರಿ. ಸೋತ ಆಮೆಯ ತಲೆ ಜಾರಿ ನೀರಿಗೆ ಬಿದ್ದರೆ ಎರಡು ಇಂಚು ನೀರಲ್ಲೂ ಮುಳುಗ್ತದೆ. ರೀಲ್ಸ್ ನೋಡ್ತಾ ಕೂರೋ ಅರ್ಧ ಗಂಟೆ ಅಲ್ಲ ಇದು.

ಮುಗಿದ ಮೇಲೆ ಮೆತ್ತಗೆ ಒರೆಸಿ ನೆರಳಲ್ಲಿ ಬಿಡ್ರಿ. ದಿನಕ್ಕೆ ಒಂದು ಸಲ ಮಾಡ್ರಿ, ಅಧಿಕಾರಿಗಳ ಕೈ ಸೇರೋವರೆಗೆ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಮಾತ್ರ ಮುಂದೆ ಹಸಿ ಹುಲ್ಲು, ದಾಸವಾಳದ ಎಲೆ, ಹೂವು ಇಡ್ರಿ. ತಿಂದರೆ ತಿನ್ನಲಿ.

ಹೊಳೆ ಆಮೆ ಒಣ ಜಾಗದಲ್ಲಿ ಸಿಕ್ಕಿದ್ದರೆ ನೆರಳಲ್ಲಿ ಒದ್ದೆ ಗೋಣಿ ಹಾಸಿದ ಬುಟ್ಟಿಯಲ್ಲಿ ಇಟ್ಟು ಕೂಡಲೇ ಫೋನ್ ಮಾಡ್ರಿ. ಯಾರಿಗೆ ಅಂತ ಭಾಗ 9ರಲ್ಲಿ ಬರೆದಿದ್ದೀನಿ.

ಅವ್ವನ ಪರಾತ ತಗೊಂಡು ಈ ಕೆಲಸ ಮಾಡಬೇಡ್ರಿ. ಯಾಕೆ ಅನ್ನೋದು ಭಾಗ 8ರಲ್ಲಿ.

ಭಾಗ 7/10

ಪ್ರೀತಿಯಿಂದ ಮಾಡಿ ಕೊಲ್ಲೋ ಕೆಲಸಗಳ ಪಟ್ಟಿ ಇದು.

ಸಿರಿಂಜಿನಲ್ಲಿ ಬಾಯಿಗೆ ನೀರು ಹಾಕಬೇಡ್ರಿ. ಸೋತ ಪ್ರಾಣಿ ನುಂಗೋದಿಲ್ಲ, ನೀರು ಶ್ವಾಸಕೋಶಕ್ಕೆ ಹೋಗ್ತದೆ. ಒಣಗಿದ ಹೊಟ್ಟೆಗೆ ಬಲವಂತದ ಊಟ ಬೇಡ. ಹಾಲು, ಅನ್ನ, ರೊಟ್ಟಿ, ಬಿಸ್ಕಿಟ್ ಅದರ ಊಟವೇ ಅಲ್ಲ. ಮನುಷ್ಯರ ಒಆರ್‌ಎಸ್ ಪುಡಿ ಅಂದಾಜಿಗೆ ಕಲಸಿ ಕೊಡಬೇಡ್ರಿ. ಮೆಡಿಕಲ್ ಶಾಪಿನ ಆ್ಯಂಟಿಬಯಾಟಿಕ್ ಗುಳಿಗೆ ಕಾಲು ಭಾಗ ಮಾಡಿ ಹಾಕಬೇಡ್ರಿ.

ಇದನ್ನಂತೂ ಎರಡು ಸಲ ಓದ್ರಿ: ಐವರ್ಮೆಕ್ಟಿನ್ ಕೊಡಬೇಡ್ರಿ. ನಮ್ಮ ಕಡೆ ಕುರಿ, ಆಡು, ದನ ಇರೋ ಮನೆಗಳಲ್ಲಿ ಜಂತು, ಉಣ್ಣೆಗೆ ಈ ಔಷಧಿ ಇರ್ತದೆ. "ಆಮಿಗೂ ಹುಳ ಆಗಿರಬೇಕು, ಎರಡ್ ಹನಿ ಹಾಕು" ಅನ್ನೋರು ಇದ್ದೇ ಇರ್ತಾರೆ. ದನಕ್ಕೆ ಮದ್ದಾದದ್ದು ಆಮೆಗಳಿಗೆ ವಿಷ. ಕೈಕಾಲು ಬಿದ್ದುಹೋಗಿ, ಉಸಿರು ನಿಂತು ಸಾಯ್ತದೆ.

"ಡಿ ವಿಟಮಿನ್ ಸಿಗಲಿ" ಅಂತ ಮಧ್ಯಾಹ್ನದ ಬಿಸಿಲಲ್ಲಿ ಟಬ್ ಇಡಬೇಡ್ರಿ. ಬಿಸಿಲು ಬೇಕು ಹೌದು, ಆದರೆ ಓಡಿಹೋಗೋಕೆ ನೆರಳು ಪಕ್ಕದಲ್ಲೇ ಇರಬೇಕು. ಬಿಸಿಲೇಟು ತಿಂದ ಆಮೆಗೆ ಐಸ್ ನೀರು ಸುರಿಬೇಡ್ರಿ. ನೆರಳಿಗೆ ತಂದು ಸಾಮಾನ್ಯ ನೀರಲ್ಲಿ ನಿಧಾನಕ್ಕೆ ಮೈ ತಣಿಸ್ರಿ.

ಕೊನೆಯದು: "ಪಾಪ, ಬಿಟ್ಟುಬಿಡಮ್" ಅಂತ ಕಾಗಿಣಾ ಹೊಳೆಗೋ, ಚಂದ್ರಂಪಳ್ಳಿ ಡ್ಯಾಮಿಗೋ, ಚಿಂಚೋಳಿ ಕಾಡಿಗೋ ಬಿಡಬೇಡ್ರಿ. ನಕ್ಷತ್ರ ಆಮೆ ಹೊಳೆಯಲ್ಲಿ ಮುಳುಗ್ತದೆ. ಸ್ಲೈಡರ್ ಬದುಕಿದರೆ ಇನ್ನೂ ಕಷ್ಟ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಹೊಳೆ ಆಮೆಗಳ ಊಟ, ಜಾಗ ಎರಡನ್ನೂ ಕಿತ್ಕೊಳ್ತದೆ. ಯುರೋಪಿಯನ್ ಒಕ್ಕೂಟ 1997ರಲ್ಲೇ ಅದರ ಆಮದು ನಿಲ್ಲಿಸಿತ್ತು. ಕಾಯಿಲೆಯ ಆಮೆಯನ್ನ ಕಾಡಿಗೆ ಬಿಟ್ಟರೆ ಅದರ ಕಾಯಿಲೆಯನ್ನೂ ಕಾಡಿಗೆ ಬಿಟ್ಟಂಗೆ.

ಭಾಗ 8/10

ನೀರು ಕಮ್ಮಿ ಆಗೋದು ಒಂದೇ ಕಾಯಿಲೆ ಅಲ್ಲ. ಎಷ್ಟೋ ಸಲ ಅದು ಬೇರೆ ಕಾಯಿಲೆಯ ನೆರಳು. ಇವು ಕಂಡರೆ ನೀರಲ್ಲಿ ನೆನೆಸೋದು ಸಾಲದು, ಪಶುವೈದ್ಯರೇ ಬೇಕು.

ಮೂಗಲ್ಲಿ ಗುಳ್ಳೆ, ಸಿಳ್ಳೆಯಂಥ ಉಸಿರು, ಬಾಯಿ ತೆರೆದು ಕತ್ತು ಚಾಚಿ ಉಸಿರಾಡೋದು: ಶ್ವಾಸಕೋಶದ ಸೋಂಕು ಇರಬಹುದು. ಆಮೆಗೆ ಕೆಮ್ಮಿ ಕಫ ಹೊರಗೆ ಹಾಕೋಕೆ ಬರಲ್ಲ, ಆದ್ದರಿಂದ ಬೇಗ ಬಿಗಡಾಯಿಸ್ತದೆ. ಸ್ಲೈಡರ್ ಒಂದು ಕಡೆ ವಾಲಿಕೊಂಡು ಈಜಿದರೂ ಇದೇ ಅನುಮಾನ.

ಕಣ್ಣು ಊದಿ ಮುಚ್ಚಿಕೊಳ್ಳೋದು: ಬರೀ ಒಣ ಸೀಗಡಿ ಡಬ್ಬಿ ತಿಂದು ಬೆಳೆದ ಸ್ಲೈಡರ್ ಮರಿಗಳಲ್ಲಿ ಎ ವಿಟಮಿನ್ ಕೊರತೆಯಿಂದ ಹೀಗಾಗ್ತದೆ. ಕಣ್ಣು ಕಾಣದಿದ್ದರೆ ಊಟ ಹುಡುಕೋದೂ ನಿಲ್ತದೆ.

ಚಿಪ್ಪು ಮೆತ್ತಗಾಗೋದು, ಸೊಟ್ಟ ಬೆಳೆಯೋದು: ಕ್ಯಾಲ್ಸಿಯಂ ಮತ್ತು ಬಿಸಿಲಿನ ಯುವಿ ಕಿರಣದ ಕೊರತೆ. ಗಾಜಿನ ಕಿಟಕಿಯೊಳಗಿಂದ ಬರೋ ಬಿಸಿಲಲ್ಲಿ ಆ ಕಿರಣ ಇರಲ್ಲ.

ಚಿಪ್ಪಲ್ಲಿ ಗುಳಿ, ಕೆಟ್ಟ ವಾಸನೆ: ಒಣ ಜಾಗ ಇಲ್ಲದ ಕೊಳಕು ನೀರಲ್ಲಿ ಸದಾ ಇಟ್ಟರೆ ಚಿಪ್ಪು ಕೊಳೀತದೆ.

ನಮ್ಮ ತಾಲೂಕಿನ ಪಶು ಆಸ್ಪತ್ರೆಗಳ ಡಾಕ್ಟರ್‌ಗಳ ದಿನ ಆಕಳು, ಎಮ್ಮೆ, ಕುರಿಯಲ್ಲೇ ಕಳೀತದೆ. ಆದರೂ ತುರ್ತಿನಲ್ಲಿ ಕೇಳೋಕೆ ಹಿಂಜರೀಬೇಡ್ರಿ. ಚಿಂಚೋಳಿಯವರಿಗೆ ಬೀದರ್ ದೂರ ಅಲ್ಲ, ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಅಲ್ಲಿದೆ.

ಇನ್ನು ನಿಮ್ಮ ಆರೋಗ್ಯ. ಆಮೆ ಚೆನ್ನಾಗಿ ಕಂಡರೂ ಅದರ ಮೈಯಲ್ಲಿ, ನೀರಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ವಾಂತಿ, ಭೇದಿ, ಜ್ವರ ಬರ್ತದೆ, ಚಿಕ್ಕ ಮಕ್ಕಳಿಗೆ ಹೆಚ್ಚು ಅಪಾಯ. ಮಕ್ಕಳು ಬಾಯಿಗೆ ಇಟ್ಕೊಳ್ತಾರೆ ಅಂತಲೇ ಅಮೆರಿಕದಲ್ಲಿ 4 ಇಂಚಿಗಿಂತ ಸಣ್ಣ ಚಿಪ್ಪಿನ ಆಮೆ ಮಾರೋದನ್ನ 1975ರಲ್ಲಿ ನಿಷೇಧ ಮಾಡಿದರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಅಡಿಗೆ ಪಾತ್ರೆ, ಅಡಿಗೆಮನೆ ಸಿಂಕ್ ದೂರ ಇರಲಿ.

ಭಾಗ 9/10

ಈಗ ಎಲ್ಲರೂ ಹೆದರೋ ವಿಷಯಕ್ಕೆ ಬರೋಣ.

ನಕ್ಷತ್ರ ಆಮೆ, ನಮ್ಮ ಹೊಳೆ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರ್ತವೆ. 2022ರ ತಿದ್ದುಪಡಿ ಆದ ಮೇಲೆ ಎರಡೂ ಒಂದನೇ ಪರಿಶಿಷ್ಟದಲ್ಲಿವೆ, ಹುಲಿ ಇರೋ ಪಟ್ಟಿಯಲ್ಲೇ. ತಪ್ಪಿಗೆ 3ರಿಂದ 7 ವರ್ಷ ಜೈಲು, ಕಡಿಮೆ ಅಂದ್ರೂ 25,000 ರೂಪಾಯಿ ದಂಡ. "ದುಡ್ಡು ಕೊಟ್ಟು ತಂದೀವಿ" ಅಂದ್ರೆ ತಪ್ಪು ಕಮ್ಮಿ ಆಗಲ್ಲ. ಅದೇ ಕಾಯ್ದೆ ಇನ್ನೊಂದು ಮಾತೂ ಹೇಳ್ತದೆ: ಇಂಥ ಪ್ರಾಣಿ ಯಾರ ಕೈಗಾದರೂ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ, ನಿಮ್ಮ ಮನೆಗೆ ಬಂದ ಒಂದು ಆಮೆಯ ಹಿಂದೆ ದೊಡ್ಡ ದಂಧೆ ಇದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಒಂದು ವಹಿವಾಟಿನ ಜಾಗದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆ ಹಿಡೀತಿದ್ದರು. ಚೀಲದಲ್ಲಿ, ಸೂಟ್‌ಕೇಸಿನಲ್ಲಿ, ನೀರಿಲ್ಲದೆ ಸಾಗಿಸ್ತಾರೆ. ನಮ್ಮ ಕೈಗೆ ಬರೋ ಹೊತ್ತಿಗೆ ಅದು ಆಗಲೇ ಒಣಗಿರ್ತದೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧ ಮಾಡಿದರು.

ವಾಪಸ್ ಬಂದ ಕಥೆಯೂ ಇದೆ. ಸಿಂಗಾಪುರದಲ್ಲಿ ಅಕ್ರಮ ವ್ಯಾಪಾರದಿಂದ ಬಿಡಿಸಿದ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ಬಂದವು. ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸೇರಿ ಅವನ್ನ ಬರಮಾಡಿಕೊಂಡರು. ಸಮುದ್ರದಾಚೆಯ ಆಮೆ ಮನೆಗೆ ಬರೋದಾದರೆ, ವಾಡಿಯ ಮಾಳಿಗೆಯಿಂದ ಅರಣ್ಯ ಇಲಾಖೆ ಕಚೇರಿಗೆ ಹೋಗೋದು ಎಷ್ಟು ದೂರ?

ನಂಬರ್ ಬರ್ಕೊಳ್ರಿ: ಅರಣ್ಯ ಇಲಾಖೆ ಸಹಾಯವಾಣಿ 1926. ದನಕರುಗಳ ಆಂಬುಲೆನ್ಸ್ 1962. ಅಂಕಿ ಅವೇ, ಅದಲು ಬದಲು ಮಾಡ್ಕೋಬೇಡ್ರಿ.

ಭಾಗ 10/10

ಮನೆಯವರು ಏನಂತಾರೆ ಅಂತ ನನಗೆ ಗೊತ್ತು, ನಮ್ಮ ಮನೆಯಲ್ಲೂ ಅದನ್ನೇ ಅಂದಿದ್ದರು.

"ನಾವು ಮಕ್ಕಳಂಗ ಸಾಕೀವಿ." ಹೌದು. ಮಾಮಾನೂ ಹಾಗೇ ಸಾಕಿದ್ದ. ಪ್ರೀತಿ ಇದ್ದರೂ ನೀರಿನ ಲೆಕ್ಕ ಗೊತ್ತಿರಲಿಲ್ಲ.

"ಮನಿಗೆ ಒಳ್ಳೇದಾಗ್ತದ." ಆಯಿಗೆ ನಾನು ಈಗ ಹೇಳೋದು ಇಷ್ಟು: ಗುಡಿಯೊಳಗೆ ನೆಲದ ಮೇಲೆ ಕಲ್ಲಿನ ಆಮೆ ಇರ್ತದಲ್ಲ, ಅದಕ್ಕೆ ಕುಂಕುಮ ಹಚ್ಚು. ಜೀವ ಇರೋದು ನಮ್ಮ ಮನೆಯಲ್ಲಿ ಸತ್ತರೆ ಅದು ಯಾವ ಲಕ್ಷ್ಮಿ? ಆಯಿ ಆ ಮಾತಿಗೆ ಉತ್ತರ ಕೊಡಲಿಲ್ಲ. ಆದರೆ ಮಾಮಾ ಮತ್ತೊಂದು ತರ್ತೀನಿ ಅಂದಾಗ ಬೇಡ ಅಂದವಳು ಅವಳೇ.

"ಕೊಟ್ರ ಕೇಸ್ ಹಾಕ್ತಾರ." ಈ ಭಯ ಸುಳ್ಳು ಅಂತ ನಾನು ಹೇಳಲ್ಲ. ಕಾಯ್ದೆ ಇರೋದು ಹಾಗೇ ಇದೆ. ಆದರೆ ನಾವೇ ಫೋನ್ ಮಾಡಿ ಒಪ್ಪಿಸೋದಕ್ಕೂ, ಯಾರೋ ಮಾಹಿತಿ ಕೊಟ್ಟು ಸಿಕ್ಕಿಬೀಳೋದಕ್ಕೂ ವ್ಯತ್ಯಾಸ ಇದೆ. ಹಿರಿಯರನ್ನ ಜೊತೆಗೆ ಕರ್ಕೊಂಡು ಹೋಗ್ರಿ. ಎಲ್ಲಿಂದ ಬಂತು, ಎಷ್ಟು ದಿನ ಇತ್ತು ಅನ್ನೋದನ್ನ ಇದ್ದದ್ದು ಇದ್ದಂಗೆ ಹೇಳ್ರಿ. ತೂಕ ಬರೆದಿಟ್ಟ ಚೀಟಿ ಇದ್ದರೆ ಕೊಡ್ರಿ, ಡಾಕ್ಟರ್‌ಗೆ ಅದು ಉಪಯೋಗಕ್ಕೆ ಬರ್ತದೆ. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಒದ್ದೆ ಬಟ್ಟೆ, ಬೆಳಗ್ಗೆ ತಂಪು ಹೊತ್ತಲ್ಲಿ.

ಒಂದು ಮಾತು ಅಧಿಕಾರದಲ್ಲಿರೋ ದೊಡ್ಡವರಿಗೂ. ತಾನಾಗಿ ತಂದು ಕೊಡೋ ಹುಡುಗರನ್ನ ಕಳ್ಳರಂಗೆ ನೋಡಿದರೆ ಮುಂದಿನ ಆಮೆ ಹೊಲದ ಬದುವಿಗೇ ಹೋಗ್ತದೆ. ಮಾರೋರನ್ನ ಹಿಡೀರಿ. ಒಪ್ಪಿಸೋರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸ್ರಿ. ನಮ್ಮ ಐದೂ ಊರಲ್ಲಿ, ಬೇಸಿಗೆ ಶುರುವಾಗೋ ಮುಂಚೆ, ಶಾಲೆ ಕಾಲೇಜಿನ ಗೋಡೆಗೆ 1926 ಅನ್ನೋ ನಂಬರ್ ಹಚ್ಚಿದರೂ ಸಾಕು.

ವಾಡಿಯ ಗೆಳೆಯಾ, ನೀ ಇದನ್ನ ಓದ್ಲಿಕತ್ತೀ ಅಂತ ಗೊತ್ತದ. ನಿನ್ನೆ ಕಳಿಸಿದ ವಿಡಿಯೋ ನೋಡ್ದೆ. ಟಬ್‌ನ್ಯಾಗ ತಲಿ ಬಗ್ಗಿಸಿ ನೀರು ಕುಡೀಲಿಕತ್ತಿತ್ತು, ಗಂಟಲು ಅಲ್ಲಾಡೋದು ಕಾಣಿಸ್ತು. ಭಾಳ ಖುಷಿ ಆಯ್ತು. ಆದ್ರ ಅದು ಆರಾಮ್ ಆಗ್ಯದ ಅಂತ ತಿಳೀಬ್ಯಾಡ. ನಿನ್ನ ಹೆಸರು ನಾ ಯಾರಿಗೂ ಹೇಳಿಲ್ಲ, ಹೇಳಂಗಿಲ್ಲ. ಹೇಳೋದು ನೀನೇ ಹೇಳ್ಬೇಕು, ಇವತ್ತ ರಾತ್ರಿ ನಿಮ್ಮ ಅಪ್ಪಾರ ಮುಂದ. ನಾಳೆ ಮುಂಜಾನೆ ಏಳಕ್ಕ ನಾ ಶಹಾಬಾದ್‌ನಿಂದ ಬರ್ತೀನಿ. ಡಬ್ಬಿ ನಾನೇ ತರ್ತೀನಿ.

#ಆಮೆ #ನಕ್ಷತ್ರಆಮೆ #ಬೇಸಿಗೆ #ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ #ಹೇಳಿಬಿಡ್ರಿ